ಹಿಂದಿನ ಸೀಟಿನ ಭಾರ

ಆ ಟೀವಿ ಬಂದ್ ಮಾಡಿ. ಊಟ ಆಗದವರು ಎದ್ದು ಹೋಗಿ ಉಂಡು ಬನ್ನಿ, ಯಾಕೆಂದರೆ ಇದನ್ನು ಕೇಳಿದ ಮೇಲೆ ತಟ್ಟೆ ದೂರ ತಳ್ಳುತ್ತೀರಿ. ಹೆದರಿಕೆಯ ಕತೆಯಾ ಅಂದರೆ ಹೌದು, ಹೆದರಿಕೆಯದ್ದೇ. ಆದರೆ ಇವತ್ತಿಗೂ ಇದನ್ನು ನೆನೆದರೆ ಹೆದರಿಕೆಗಿಂತ ಹೇಸಿಗೆಯೇ ಮೊದಲು ಬರುತ್ತದೆ.

ಅವರ್ಸಾದ ತುಳಸಿದಾಸ ಗೊತ್ತಲ್ಲ, ನಮ್ಮ ಕಾಮಿ ಚಿಕ್ಕಮ್ಮನ ಮಗ... ಅವನಿಗೆ ಆದದ್ದು. ಆ ರಾತ್ರಿ ಅವನು ಹೊಸದಾಗಿ ತಂದ ಹಳೆ ಕಾರನ್ನು ಬಾವಿಯ ಪಕ್ಕ, ಆಲದ ಮರದ ಕೆಳಗೆ ನಿಲ್ಲಿಸಿ ಮನೆಯ ಕಡೆ ನಡೆಯುತ್ತಿದ್ದ. ಅಲ್ಲಿಂದ ಮುಂದೆ ಕಾರು ಹೋಗುವುದಿಲ್ಲ. ಚಕ್ರ ಹೂತುಹೋಗುವ ಹೊಯಿಗೆಯ, ಬರೀ ಮರಳಿನ ದಾರಿ. ಕೈಯಲ್ಲಿ ಮೊಬೈಲಿನ ಬೆಳಕು, ಮನಸ್ಸಿನಲ್ಲಿ ಖುಷಿ. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹೆಂಡತಿ ಚಂಪಾ ಬಸುರಿ. ಹಿಂದೆ ಎರಡು ಸಲ ನಿಂತದ್ದು ಉಳಿದಿರಲಿಲ್ಲ. ಕಾರವಾರದ ಡಾಕ್ಟರಮ್ಮ, ಈ ಸಲ ಬಸ್ಸಿನಲ್ಲಿ ಕುಲುಕಾಡಿಕೊಂಡು ಬರಬೇಡಿ ಎಂದದ್ದೇ ತಡ, ಇವ ಚಿತ್ತಾಕುಲಕ್ಕೆ ಓಡಿ ಸೂರಜ್ ಎಂಬವನಿಂದ ಈ ಬಿಳಿ ಕಾರು ತಂದಿದ್ದ. ಈ ಮಗು ಉಳಿಯಬೇಕು... ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಬಾವಿ ದಾಟಿದ. ಆಗ ಹಿಂದಿನಿಂದ... ಕಿಂಯ್ಯ್...ಕ್.

ನಿಂತ. ಗಾಳಿ ಇಲ್ಲ. ಬಾವಿಯ ರಾಟೆಯಾ? ರಾಟೆ ಕಿರಕಿರ ಅನ್ನುತ್ತದೆ, ಅದು ಅವನಿಗೆ ಗೊತ್ತು. ಇದು ಹಾಗಲ್ಲ. ಕಾರಿನಲ್ಲಿ ಕೂತ ದಪ್ಪ ಜನ ಮಗ್ಗುಲು ಬದಲಿಸಿದಾಗ ಕೆಳಗೆ ಸ್ಪ್ರಿಂಗು ನರಳುತ್ತದಲ್ಲ... ಆ ಶಬ್ದ. ಅದರ ಹಿಂದೆಯೇ ಒದ್ದೆ ಮೈ ರೆಗ್ಜಿನ್ನಿಗೆ ಅಂಟಿ ಬಿಟ್ಟಂತೆ, ಪ...ಚಕ್.

ಬೆಳಕು ಹಿಡಿದು ನೋಡಿದ. ನಾಲ್ಕೂ ಬಾಗಿಲು ಮುಚ್ಚಿವೆ. ಒಳಗೆ ಯಾರೂ ಇಲ್ಲ. ಕಾರು ಮಾತ್ರ ಹಿಂದೆ, ಎಡಗಡೆ, ಸ್ವಲ್ಪ ಕೆಳಗೆ ಕೂತಿತ್ತು. ಹಳೆ ಗಾಡಿ, ಸ್ಪ್ರಿಂಗ್ ಸೋತಿರಬೇಕು ಅಂದುಕೊಂಡು ಮನೆಗೆ ಹೋಗಿ ಮಲಗಿದ.

ಮರುದಿನದಿಂದ ಕಾರು ಎಡಕ್ಕೆ ಎಳೆಯತೊಡಗಿತು. ಹೆದ್ದಾರಿಯಲ್ಲಿ ಸ್ಟೇರಿಂಗು ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಗಟಾರದ ಕಡೆಗೇ ಮುಖ. ಹಿಂದಿನ ಎಡ ಟೈರು ಒಳಮಗ್ಗುಲಲ್ಲಿ ಮಾತ್ರ ಸವೆದು ನೂಲು ಬಿಟ್ಟುಕೊಂಡಿತು. ಜೊತೆಗೆ ವಾಸನೆ. ಮೀನುಗಾರರ ಕಾರು, ಮೀನಿನ ವಾಸನೆ ಇರಲಿಕ್ಕಿಲ್ಲವಾ ಅಂತ ನೀವು ನಗಬಹುದು. ಮೀನಿನ ವಾಸನೆಗೆ ನಮ್ಮವರು ಮೂಗು ಮುಚ್ಚುತ್ತಾರಾ? ಅದು ನಮ್ಮ ಅನ್ನದ ವಾಸನೆ. ಇದು ಬೇರೆ. ಕೊಳೆತ ಹುಣ್ಣಿನ ಪಟ್ಟಿ ಬಿಚ್ಚಿದಾಗ ಬರುವ ಸಿಹಿ ನಾತ, ಅದರ ಜೊತೆಗೆ ತೊಳೆಯದ ಬಾಯಿಯ ಬಿಸಿ ಉಸಿರು. ಕಾಮಿ ಚಿಕ್ಕಮ್ಮ ಒಮ್ಮೆ ಕಾರಿನೊಳಗೆ ತಲೆ ಹಾಕಿದವಳು ಹಿಂದಕ್ಕೆ ಸರಿದು ಥೂ ಎಂದು ಉಗಿದಳು.

“ಎಂತಾ ಘಾಣನೋ ತಮಾ ಇದು! ಸತ್ತ ನಾಯಿ ಹೊತ್ತಿದ್ರನಾ ಇದ್ರಾಗೆ?”

ಅಂಕೋಲೆಯಲ್ಲಿ ಹರಿಶ್ಚಂದ್ರನ ಗ್ಯಾರೇಜಿದೆ. ಚಕ್ರದ ಅಲೈನ್‌ಮೆಂಟ್ ನೋಡುವ ಯಂತ್ರ, ಕಂಪ್ಯೂಟರು ಎಲ್ಲ ಇಟ್ಟುಕೊಂಡಿದ್ದಾನೆ. ಮಾತು ಅವೆಲ್ಲಕ್ಕಿಂತ ಜಾಸ್ತಿ. ತುಳಸಿದಾಸ ಕಾರನ್ನು ಅಲ್ಲಿಗೆ ಒಯ್ದ.

“ಗಾಡಿ ಎತ್ತರ ಸರಿ ಇಲ್ದೆ ಅಲೈನ್‌ಮೆಂಟ್ ಮಾಡೂದು ದಂಡ,” ಅಂದ ಹರಿಶ್ಚಂದ್ರ. “ಮೊದ್ಲು ಇದು ಎಂತಕ್ಕೆ ಕೂತದೆ ನೋಡ್ವಾ.”

ಸಪಾಟು ನೆಲದಲ್ಲಿ ನಿಲ್ಲಿಸಿದ. ಡಿಕ್ಕಿ ಖಾಲಿ ಮಾಡಿಸಿದ. ನಾಲ್ಕೂ ಟೈರಿಗೆ ಸಮನಾಗಿ ಗಾಳಿ ಹಿಡಿದ. ಆಮೇಲೆ ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಕೈ ತೂರಿಸಿದ. ಹಿಂದೆ ಬಲಗಡೆ ನಾಲ್ಕು ಬೆರಳು ಸಲೀಸಾಗಿ ಹೋದವು. ಎಡಗಡೆ ಎರಡು ಬೆರಳಿಗೇ ಬಿಗಿ. ಎಡದ ಸ್ಪ್ರಿಂಗು ಬಿಚ್ಚಿ ಬಲಕ್ಕೆ ಹಾಕಿದ, ಬಲದ್ದು ಎಡಕ್ಕೆ. ಸ್ಪ್ರಿಂಗಿನದೇ ತಪ್ಪಾಗಿದ್ದರೆ ಈಗ ಕಾರು ಬಲಕ್ಕೆ ಕೂರಬೇಕು. ಇಲ್ಲ, ಎಡಕ್ಕೇ. ಎರಡೂ ಹೊಸ ಸ್ಪ್ರಿಂಗು ಹಾಕಿದ, ಹೊಸ ಶಾಕ್ ಅಬ್ಸಾರ್ಬರು ಹಾಕಿದ... ಎಡಕ್ಕೇ. ಸಿಟ್ಟು ಬಂದು ಆ ಮೂಲೆಯನ್ನು ಎರಡೂ ಕೈಯಲ್ಲಿ ಒತ್ತಿ ಬಿಟ್ಟ. ಬೇರೆ ಕಾರಾದರೆ ಒಮ್ಮೆ ಪುಟಿದು ನಿಲ್ಲುತ್ತದೆ. ಇದು ಕೆಳಗೆ ಹೋಯಿತು... ಅಲ್ಲೇ ನಿಂತಿತು... ಎಷ್ಟೋ ಹೊತ್ತಿನ ಮೇಲೆ ಒಲ್ಲದ ಮನಸ್ಸಿನಿಂದ ಎದ್ದಿತು. ಒಳಗಿನಿಂದ ಸಣ್ಣಗೆ, ಚಪ್. ತುಟಿ ಅಂಟಿಸಿ ಬಿಡಿಸಿದ ಶಬ್ದ.

ಹರಿಶ್ಚಂದ್ರ ತನ್ನ ಕೈ ನೋಡಿಕೊಂಡ. ಕಮಾನಿನೊಳಗೆ ತೂರಿಸಿದ್ದ ಬೆರಳಿಗೆ ಏನೋ ಲೋಳೆ. ಗ್ರೀಸಲ್ಲ. ಬೆಳ್ಳಗೆ, ಜೊಲ್ಲಿನಂತೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಡೀಸೆಲ್ಲಿನಲ್ಲಿ ತೊಳೆದ, ಸಾಬೂನಿನಲ್ಲಿ ತೊಳೆದ, ಕೊನೆಗೆ ಮೂಸಿ ನೋಡಿ ಮುಖ ಸಿಂಡರಿಸಿದ.

“ಬಾಡಿನೇ ಬೆಂಡಾಗಿರ್ಬೇಕು ಮಾರಾಯಾ. ತಕಂಡು ಹೋಗು. ನಾ ಇದ್ರ ಅಡಿಗೆ ಮತ್ತೆ ಮಲಗೂದಿಲ್ಲ.”

ತುಳಸಿದಾಸ ತಪ್ಪಿದ್ದು ಇಲ್ಲಿ. ಬೇರೆ ಯಾರಾದರೂ ಆಗಿದ್ದರೆ ಕಾರು ಮಾರಿ ಕೈ ತೊಳೆದುಕೊಳ್ಳುತ್ತಿದ್ದರು. ಇವ ದೋಣಿಯವ. ದೋಣಿ ಒಂದು ಬದಿಗೆ ವಾಲಿದರೆ ನಮ್ಮವರು ಯಾಕೆ ವಾಲಿತು ಅಂತ ಕೇಳುತ್ತಾ ಕೂರುತ್ತಾರಾ? ಜನರನ್ನು ಇನ್ನೊಂದು ಬದಿಗೆ ಕೂರಿಸುತ್ತಾರೆ. ಭಾರಕ್ಕೆ ಭಾರ. ಸಮ ಆಯಿತು, ಹುಟ್ಟು ಹಾಕು, ನಡೆ. ಅವನ ಅಪ್ಪ ಕಲಿಸಿದ್ದು ಅದು, ಅವನಿಗೆ ಗೊತ್ತಿದ್ದದ್ದೂ ಅದೇ.

“ಚಂಪಾ, ಇನ್ಮೇಲೆ ಮುಂದೆ ಬೇಡ. ಹಿಂದೆ ಬಲಗಡೆ ಕೂತ್ಕೊ.”

ಕೂತಳು. ಕಾರು ಸಮ ನಿಂತಿತು. ಸ್ಟೇರಿಂಗು ನೇರ. ಇವನಿಗೆ ಹಿಗ್ಗೋ ಹಿಗ್ಗು. ಹರಿಶ್ಚಂದ್ರನಿಗೆ ಫೋನು ಮಾಡಿ, ನಿನ್ನ ಕಂಪ್ಯೂಟರ್ ತಕಂಡು ಹೋಗಿ ಸಮುದ್ರಕ್ಕೆ ಬಿಸಾಡು ಅಂತ ಗೇಲಿ ಮಾಡಿದ. ಹಾಗೇ ತಿಂಗಳು ತಿಂಗಳು ಕಾರವಾರಕ್ಕೆ ಹೋಗಿ ಬಂದರು. ಮಗು ಚೆನ್ನಾಗಿ ಬೆಳೆಯುತ್ತಿದೆ ಅಂದರು ಡಾಕ್ಟರಮ್ಮ. ಎಡಗಡೆ ಸೀಟು ಮಾತ್ರ ಎಷ್ಟು ಒರೆಸಿದರೂ ಒದ್ದೆ. ಬಾಗಿಲು ತೆರೆದು ಬಿಸಿಲಿಗೆ ಬಿಟ್ಟರೂ ಒದ್ದೆ. ಮೇಲೆ ಹಾಸಿದ ಟವಲು ಸಂಜೆಗೆ ಹಳದಿಯಾಗಿ, ಕೀವು ಒಣಗಿದಂತೆ ಗಟ್ಟಿಯಾಗಿರುತ್ತಿತ್ತು. ಒಂದೊಂದು ಸಲ ಅದರಲ್ಲಿ ಉದ್ದ ಕೂದಲು. ತುಳಸಿದಾಸ ಅದನ್ನು ಕೋಲಿನಲ್ಲಿ ಎತ್ತಿ, ಉಸಿರು ಬಿಗಿಹಿಡಿದು, ತೆಂಗಿನ ಬುಡದಲ್ಲಿ ಸುಡುತ್ತಿದ್ದ. ಹೆಂಡತಿಗೆ ಹೇಳಲಿಲ್ಲ.

ದಿನ ತುಂಬುತ್ತಾ ಬಂದಾಗ ಕಾರು ಬಲಕ್ಕೆ ಎಳೆಯತೊಡಗಿತು. ಒಂದು ಸಂಜೆ ಆಸ್ಪತ್ರೆಯಿಂದ ಬಂದ ಮೇಲೆ ಕಮಾನಿನೊಳಗೆ ಕೈ ತೂರಿಸಿ ನೋಡಿದ. ಎಡಗಡೆ ಈಗ ನಾಲ್ಕು ಬೆರಳು. ಬಲಗಡೆ... ಎರಡು. ಚಂಪಾ ಆಗಲೇ ಇಳಿದು ಮನೆಗೆ ಹೋಗಿಯಾಗಿತ್ತು. ಕಾರು ಖಾಲಿ.

ಆ ರಾತ್ರಿ ಅವಳನ್ನು ಕೇಳಿದ. ಪಿಸುಗುಟ್ಟಿಯೇ ಕೇಳಿದ, ಗೋಡೆಯಾಚೆ ಕಾಮಿ ಚಿಕ್ಕಮ್ಮ ಮಲಗಿದ್ದಳಲ್ಲ.

“ಚಂಪಾ... ಕಾರಲ್ಲಿ ನಿಂಗೆ ಎಂತಾರೂ...”

“ಹೂಂ.”

“ಎಂತ?”

ಅವಳು ಅವನ ಕಡೆ ಮಗ್ಗುಲು ತಿರುಗಿದಳು.

“ಮೊದ್ಲು ದೂರ ಇತ್ತು. ಈಗ ತೊಡೆಗೆ ತೊಡೆ ತಾಗ್ತದೆ. ತಣ್ಣಗೆ... ಮೆತ್ತಗೆ. ನೀವು ಅಷ್ಟು ಖುಷಿಯಲ್ಲಿದ್ರಿ, ಅದಕ್ಕೇ ಹೇಳ್ಲಿಲ್ಲ.” ಬಸುರಿನ ಮೇಲೆ ಕೈ ಇಟ್ಟುಕೊಂಡಳು. “ಹೊಟ್ಟೆ ಮೂಸ್ತದೆ.”

ತುಳಸಿದಾಸ ಹೊರಗೆ ಓಡಿ ಅಂಗಳದಲ್ಲಿ ಕಕ್ಕಿದ. ಆ ಲೋಳೆ, ಆ ಟವಲು, ಆ ಕೂದಲು, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. ಅದಕ್ಕಿಂತ ಹೆಚ್ಚು ತನ್ನ ಮೇಲೆಯೇ ಹೇಸಿಗೆ. ಅವಳನ್ನು ಅದರ ಪಕ್ಕಕ್ಕೆ ಕೂರಿಸಿದವನು ತಾನೇ ಅಲ್ಲವಾ? ಅಲ್ಲಿಂದಲೇ ಸೂರಜನಿಗೆ ಫೋನು ಮಾಡಿದ.

“ಆ ಗಾಡಿಲಿ ಎಂತ ಅದೆ?”

ಅತ್ತ ಕಡೆ ತಗ್ಗಿದ ದನಿ.

“ಹಿಂದಿನ ಸೀಟಿಗೆ ಜನ ಕೂರ್ಸಿದ್ಯಾ?”

“ಎಂತಕ್ಕೆ?”

“ನಾವು ಕೂರ್ಸ್ತಿರ್ಲಿಲ್ಲ.”

ಅಷ್ಟೇ. ಫೋನು ಕಟ್. ಮತ್ತೆ ಎಷ್ಟು ಸಲ ಹಚ್ಚಿದರೂ ಸ್ವಿಚ್ ಆಫ್. ಇಂಥವನಿಗೆ ಏನನ್ನಬೇಕು ಹೇಳಿ? ಬಸುರಿ ಹೆಂಡತಿಗೆ ಅಂತ ಬಾಯಿಬಿಟ್ಟು ಹೇಳಿ ಕೊಂಡವನಿಗೆ, ಎಲ್ಲ ಗೊತ್ತಿದ್ದೂ, ನಗುನಗುತ್ತಾ ಬೀಗದ ಕೈ ಕೊಟ್ಟನಲ್ಲ... ಥೂ, ಅವನ ಜನ್ಮಕ್ಕಿಷ್ಟು!

ಇನ್ನು ಆ ಕಾರು ಮುಟ್ಟುವುದಿಲ್ಲ ಅಂತ ತುಳಸಿದಾಸ ನಿಶ್ಚಯ ಮಾಡಿದ. ಆದರೆ ಅದೇ ರಾತ್ರಿ, ಇನ್ನೂ ಕೋಳಿ ಕೂಗಿರಲಿಲ್ಲ, ಚಂಪಾಗೆ ನೋವು ಶುರುವಾಯಿತು. ಆಂಬುಲೆನ್ಸು ದೂರದಲ್ಲಿತ್ತು, ಬರುವುದು ತಡ ಅಂದರು. ಕೇರಿಯಲ್ಲಿ ಇನ್ನೊಂದು ಗಾಡಿ ಇಲ್ಲ. ನೀರೊಡೆಯಿತು. ಹಿಂದಿನ ಎರಡು ಸಲದ್ದು ನೆನಪಾಯಿತು. ಬೇರೆ ದಾರಿ ಇರಲಿಲ್ಲ. ಚಂಪಾಳನ್ನು ಎತ್ತಿಕೊಂಡು ಬಂದು, ಹಿಂದೆ ಅಲ್ಲ, ಮುಂದೆ ತನ್ನ ಪಕ್ಕ ಕೂರಿಸಿಕೊಂಡ. ಹಿಂದಿನ ಸೀಟಿನ ಕಡೆ ನೋಡಲಿಲ್ಲ. ಕನ್ನಡಿಯನ್ನೂ ಮೇಲಕ್ಕೆ ತಿರುಗಿಸಿಬಿಟ್ಟ.

ಅಮದಳ್ಳಿ ದಾಟುವ ತನಕ ಕಾರು ಬಲಕ್ಕೇ ಎಳೆಯುತ್ತಿತ್ತು. ಆಮೇಲೆ ಹಿಂದೆ... ಕಿಂಯ್ಯ್...ಕ್. ಕಾರಿನ ಹಿಂಭಾಗ ನಿಧಾನವಾಗಿ ಎದ್ದಿತು. ಅವನ ಎದೆ ಹಗುರಾಯಿತು, ಇಳಿದು ಹೋಯಿತು ಅಂದುಕೊಂಡ. ಬಿಣಗಾ ದಾಟಿ ಸುರಂಗಕ್ಕೆ ಹೊಕ್ಕರು. ಸುರಂಗದೊಳಗೆ ಎಲ್ಲ ಶಬ್ದವೂ ದೊಡ್ಡದು. ಪ...ಚಕ್. ಪ...ಚಕ್. ಎರಡು ಸೀಟಿನ ನಡುವಿನಿಂದ ಆ ಬಾಯಿಯ ಉಸಿರು ಅವನ ಕಿವಿಗೆ ಬಡಿಯಿತು. ಮುಂದಿನ ಎಡ ಮೂಲೆ ಕುಸಿಯಿತು. ಚಂಪಾ ಕೂತ ಮೂಲೆ. ಟೈರು ಕಮಾನಿಗೆ ಉಜ್ಜಿತು... ಜರ್... ಜರ್... ಜರ್. ರಬ್ಬರು ಸುಟ್ಟ ವಾಸನೆಯನ್ನೂ ಆ ಸಿಹಿ ನಾತ ನುಂಗಿಹಾಕಿತು.

“ಕಾಲ ಮೇಲೆ ಕೂತದೆ...” ಚಂಪಾ ಹಲ್ಲು ಕಚ್ಚಿ ಅಂದಳು. “ನಿಲ್ಸಬೇಡಿ. ಹೋಗಿ.”

ನಿಲ್ಲಿಸಲಿಲ್ಲ. ಎಡಕ್ಕೆ ಎಳೆಯುವ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಅಳುತ್ತಾ, ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈಯುತ್ತಾ ಆಸ್ಪತ್ರೆ ಮುಟ್ಟಿಸಿದ. ಚಂಪಾಳನ್ನು ಸ್ಟ್ರೆಚರಿನ ಮೇಲೆ ಮಲಗಿಸಿದರು. ಅದನ್ನು ತಳ್ಳಲಿಕ್ಕೆ ಇಬ್ಬರಿಗೆ ಸಾಕಾಗದೆ ಮೂರನೆಯವ ಬಂದ. ಅವಳನ್ನು ಒಳಗೆ ಒಯ್ದ ಮೇಲೆ ತುಳಸಿದಾಸ ಕಾರಿನ ಹತ್ತಿರ ಬಂದ. ನಾಲ್ಕೂ ಕಮಾನಿಗೆ ಕೈ ತೂರಿಸಿ ನೋಡಿದ. ನಾಲ್ಕೂ ಕಡೆ ಸಮ. ವಾಸನೆ ಇಲ್ಲ. ಸೀಟು ಒಣಗಿದೆ. ಅದು ಹೋಯಿತು ಅಂತ ಅಲ್ಲೇ ನೆಲದ ಮೇಲೆ ಕೂತು ಕೈಮುಗಿದ. ಕಾರಿನಿಂದ ಹೋಗಿತ್ತು, ಅದು ಖರೆ.

ಹೆಣ್ಣು ಮಗು. ಗುಂಡಗುಂಡಗೆ, ಆರೋಗ್ಯವಾಗಿ. ಆಸ್ಪತ್ರೆಯ ತಕ್ಕಡಿಯಲ್ಲಿ ಎಲ್ಲರ ಮಕ್ಕಳಷ್ಟೇ ತೂಗಿತು. ಕೇರಿಗೆಲ್ಲ ಪೇಡೆ ಹಂಚಿದರು.

ಮನೆಗೆ ಬಂದ ಮೇಲೆ ಮಗುವಿಗೆ ಎಣ್ಣೆ, ಬಿಸಿನೀರು. ನಮ್ಮಲ್ಲಿ ಹೇಗೆ ಗೊತ್ತಲ್ಲ, ಅಜ್ಜಿ ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವುದು. ಕಾಮಿ ಚಿಕ್ಕಮ್ಮ ಕೇರಿಯ ಅರ್ಧ ಮಕ್ಕಳನ್ನು ಹಾಗೆ ಮೀಯಿಸಿದವಳು. ಇದನ್ನೂ ಮೀಯಿಸಿದಳು, ಚಂಪಾ ಬಂದು ಮಗುವನ್ನು ಎತ್ತಿಕೊಂಡು ಹೋದಳು. ಚಿಕ್ಕಮ್ಮ ಮಾತ್ರ ಏಳಲಿಲ್ಲ. ತುಳಸಿದಾಸ ಹೋಗಿ ನೋಡಿದರೆ ಮೊಣಕಾಲಿನ ಕೆಳಗೆ ಎರಡೂ ಕಾಲು ಕಪ್ಪುನೀಲಿಯಾಗಿ ಬಾತಿವೆ. ಅವಳ ಕೈಯೆಲ್ಲ ಲೋಳೆ. ಅವಳು ಅದನ್ನು ಸೀರೆಗೆ ಒರೆಸಿಕೊಳ್ಳುತ್ತಲೇ ಇದ್ದಳು.

“ಕೂಸು ಹಗುರನೇ, ಅದ್ರ ಜೊತಿಗೆ ಕೂತದ್ದು ಭಾರ. ಯಾರಿಗೂ ಹೇಳ್ಬೇಡ ಮಗಾ,” ಅಂದಳು. “ಕೂಸು ಉಳಿದದೆ. ಅಷ್ಟು ಸಾಕು.”

ನಂಬದಿದ್ದರೆ ಬಿಡಿ. ಚಿಕ್ಕಮ್ಮನ ಕಾಲು ನಾನು ಕಣ್ಣಾರೆ ನೋಡಿದ್ದೇನೆ, ಇನ್ನೂ ಕೋಲು ಹಿಡಿದೇ ನಡೆಯುತ್ತಾಳೆ. ಈಗ ಆ ಮಗುವನ್ನು ಯಾರೂ ಕಾಲ ಮೇಲೆ ಹಾಕಿಕೊಳ್ಳುವುದಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಲಗಿಸಿ ಮೀಯಿಸುತ್ತಾರೆ. ಅದು ನಡುವೆ ಸೀಳಿ, ಹೋದ ವಾರ ಹೊಸ ಕಲ್ಲು ತಂದು ಹಾಕಿದ್ದಾರೆ.