ಯಾರ ಮಾರು

ಇದು ನಡೆದದ್ದು ೧೯೯೧ರ ಏಪ್ರಿಲ್ ೨೧, ಭಾನುವಾರ.

ಹೊತ್ತು ಮುಳುಗಿ ಕತ್ತಲಾಗಿತ್ತು. ಅಂಬ್ರಪ್ಪ ಹಿನ್ನೀರಿನ ಕಡೆಯಿಂದ ಕರಿಮಟ್ಟಿ ಪ್ಲಾಟಿಗೆ ನಡೆದು ಬರುತ್ತಿದ್ದ. ಹಳೇ ಕರಿಮಟ್ಟಿ ಡ್ಯಾಮಿನ ನೀರಿನಲ್ಲಿ ಮುಳುಗಿ ಒಂಬತ್ತು ವರ್ಷವಾಗಿತ್ತು. ಊರವರನ್ನು ಎಬ್ಬಿಸಿ ತಂದು ಕಾಲುವೆಯ ಈಚೆ ದಂಡೆಯಲ್ಲಿ ಪ್ಲಾಟು ಕೊಟ್ಟಿದ್ದರು. ಅಂಬ್ರಪ್ಪನ ಹೆಗಲ ಮೇಲೆ ಗೋಣಿಚೀಲ. ಚೀಲದಲ್ಲಿ ಒಂದು ಕಬ್ಬಿಣದ ಗಾಲಿ, ಗಾಲಿಗೆ ಸುತ್ತಿದ ಹಗ್ಗ, ಹಗ್ಗದ ತುದಿಗೆ ಆರು ಕಿಲೋ ತೂಕದ ಸೀಸದ ಗುಂಡು.

ಮಧ್ಯಾಹ್ನ ಹೋಗುವಾಗ ಇಬ್ಬರು ಹೋಗಿದ್ದರು.

ಪ್ಲಾಟಿನ ಬಾವಿ ಇನ್ನೂ ಹತ್ತು ಹೆಜ್ಜೆ ಇರುವಾಗ ಚೀಲದೊಳಗೆ ಸದ್ದಾಯಿತು.

ಕಟ್... ಕಟ್... ಕಟ್... ಕಟ್... ಕಟ್... ಕಟ್.

ನಿಂತಿತು.

ಅದು ಗಾಲಿಯ ಹಲ್ಲಿನ ಮೇಲೆ ಕೊಂಡಿ ಬೀಳುವ ಸದ್ದು. ಹಿಡಿಕೆ ತಿರುಗಿಸಿದರೆ ಮಾತ್ರ ಬರುವ ಸದ್ದು. ಹಿಡಿಕೆಯನ್ನು ಅವನು ಬಿಚ್ಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಜೇಬು ಮುಟ್ಟಿ ನೋಡಿದ. ಅಲ್ಲೇ ಇತ್ತು.

ಬಾವಿಯ ಕಟ್ಟೆಯ ಮೇಲೆ ಮಸ್ತಾನಸಾಬ ಕೂತಿದ್ದ. ಇವರು ಒಯ್ದಿದ್ದ ದೋಣಿ ಆ ಮುದುಕನದೇ.

“ಯಾರದು... ಅಂಬ್ರಪ್ಪೇನು?”

“ಹೂಂ.”

“ಸಾಬಣ್ಣ ಎಲ್ಲಿ?”

ಅಂಬ್ರಪ್ಪ ದನಿ ಇಳಿಸಿದ. “ಕೆಳಗ ಹ್ವಾದ... ಮ್ಯಾಲ ಬರಲಿಲ್ಲ.”

ಮುದುಕ ಎದ್ದು ನಿಂತ. “ಎಷ್ಟು ಮಾರು ಇತ್ತು?”

“ಏಳು.”

“ಏಳಾ? ಏಳು ಮಾರಿಗೆ ಸಾಬಣ್ಣ ಸಾಯ್ತಾನ? ಏಳು ಮಾರಿನಾಗಿಂದ ನನ್ನ ಲಂಗರ ತಂದುಕೊಟ್ಟಾನ ಅಂವ. ಒಂದಲ್ಲ, ಮೂರು ಸಲ.”

ಅಂಬ್ರಪ್ಪ ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

“ಹಿಡದಿರಬೇಕು,” ಮುದುಕ ಪಿಸುಗುಟ್ಟಿದ. “ಮುಳುಗಿದ ಊರು... ಹಿಡೀತದ.”

“ಹೌದು,” ಎಂದ ಅಂಬ್ರಪ್ಪ. “ಹಿಡದಿರಬೇಕು.”

ಸುಳ್ಳು ಆ ಬಾವಿಯ ಹತ್ತಿರ ಶುರುವಾಯಿತು.

ಮೊದಲು ಆ ಗಾಲಿಯ ವಿಷಯ ಹೇಳಬೇಕು. ಅಂಬ್ರಪ್ಪ ಡ್ಯಾಮಿನ ಕ್ಯಾಂಪಿನಲ್ಲಿ ದಿನಗೂಲಿಯ ಗೇಜ್ ರೀಡರ್. ಕಾಲುವೆಯ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ನೋಡಿ ಬರೆಯುವುದು ಕೆಲಸ. ಉದ್ದ ಆಳು, ಬಾಗಿಲಲ್ಲಿ ತಲೆ ಬಗ್ಗಿಸದೆ ಬರುವಂತಿರಲಿಲ್ಲ. ಈಜು ಬರುತ್ತಿರಲಿಲ್ಲ. ಹೆಂಡತಿ ಅಯ್ಯಮ್ಮನ ತಮ್ಮ ಸಾಬಣ್ಣ. ಅವನು ಗಿಡ್ಡ, ಎದೆ ಅಗಲ, ನೀರಲ್ಲೇ ಬೆಳೆದವನು. ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ. ಯಾರದೇ ಲಂಗರು, ಬಲೆ, ಕೊಡ ಕೆಳಗೆ ಬಿದ್ದರೂ ಮುಳುಗಿ ತಂದುಕೊಡುತ್ತಿದ್ದ. ಅಕ್ಕನ ಗಂಡನನ್ನು ಎಲ್ಲರೆದುರಿಗೂ ‘ಈಸು ಬರದ ಕೊಕ್ಕರಿ’ ಎನ್ನುತ್ತಿದ್ದ. ಜನ ನಗುತ್ತಿದ್ದರು. ಅಂಬ್ರಪ್ಪನೂ ನಗುತ್ತಿದ್ದ.

ಬೇಸಿಗೆಯಲ್ಲಿ ಮೇಲಿನ ನೀರು ಕಾಯುತ್ತದೆ. ದೊಡ್ಡ ಬಾಳೆಮೀನು ತಂಪು ಹುಡುಕಿಕೊಂಡು ಇಳಿಯುತ್ತದೆ. ಪೂರ್ತಿ ತಳಕ್ಕೆ ಹೋಗುವುದಿಲ್ಲ. ನಡುವೆ ಒಂದು ಆಳದಲ್ಲಿ ನಿಲ್ಲುತ್ತದೆ. ಬಲೆ ಅಲ್ಲಿಗೆ ಮುಟ್ಟುವುದಿಲ್ಲ. ಗಾಳ ಬಿಟ್ಟರೆ, ದೋಣಿ ಸಾಗಿದಂತೆ ದಾರ ಮೇಲಕ್ಕೆ ತೇಲುತ್ತದೆ. ಅಂಬ್ರಪ್ಪ ಇದನ್ನು ಒಂದು ಬೇಸಿಗೆ ಪೂರ್ತಿ ನೋಡಿದ. ಕ್ಯಾಂಪಿನಲ್ಲಿ ನೀರಿನ ಆಳ ಅಳೆಯಲು ಸೀಸದ ಗುಂಡು ಇಳಿಬಿಡುತ್ತಾರೆ. ಆ ಗುಂಡೇ ಗಾಳವನ್ನು ಕೆಳಗೆ ಹಿಡಿದುಕೊಂಡರೆ?

ಶಹಾಪುರದ ಗುಜರಿಯಿಂದ ಹಲ್ಲಿನ ಗಾಲಿ ತಂದ. ದೋಣಿಯ ಹಿಂದಿನ ಹಲಗೆಗೆ ಬಿಗಿಯುವಂತೆ ಮಾಡಿದ. ಹಿಡಿಕೆ ಒಂದು ಹಲ್ಲು ತಿರುಗಿದರೆ ಹಗ್ಗ ಹತ್ತು ಇಂಚು ಇಳಿಯುತ್ತದೆ, ಕೊಂಡಿ ‘ಕಟ್’ ಎಂದು ಬಿದ್ದು ಹಿಡಿಯುತ್ತದೆ. ಗುಂಡಿನಿಂದ ಎರಡು ಮೊಳ ಮೇಲೆ, ಬಟ್ಟೆ ಒಣಹಾಕುವ ಕ್ಲಿಪ್ಪು. ಗಾಳದ ದಾರವನ್ನು ಆ ಕ್ಲಿಪ್ಪಿಗೆ ಸಿಕ್ಕಿಸಿ ಗುಂಡು ಇಳಿಸಬೇಕು. ಬೇಕಾದ ಆಳದಲ್ಲಿ ನಿಲ್ಲಿಸಿ, ದೋಣಿಗೆ ನಿಧಾನವಾಗಿ ಹುಟ್ಟು ಹಾಕಬೇಕು. ಮೀನು ಕಚ್ಚಿ ಎಳೆದರೆ ದಾರ ಕ್ಲಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಗುಂಡಿನ ಭಾರ ಹಗ್ಗಕ್ಕೆ, ಮೀನಿನ ಭಾರ ದಾರಕ್ಕೆ. ಮೊದಲು ಗುಂಡು ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಎರಡೂ ಸುತ್ತಿಕೊಳ್ಳುತ್ತವೆ. ಇಷ್ಟೇ.

ಆಳ ಗೊತ್ತಾಗಲು ಹಗ್ಗಕ್ಕೆ ಗುರುತು ಬೇಕು. ಶುಕ್ರವಾರ ಸಂಜೆ ಅಂಬ್ರಪ್ಪ ಪಡಸಾಲೆಯಲ್ಲಿ ನಿಂತು ಎರಡೂ ತೋಳು ಚಾಚಿ, ಬೆರಳ ತುದಿಯಿಂದ ತುದಿಗೆ ಒಂದು ಮಾರು ಎಂದು ಅಳೆದ. ಅಯ್ಯಮ್ಮ ತನ್ನ ಹಳೇ ಕೆಂಪು ಕುಪ್ಪಸ ಹರಿದು ಚಿಂದಿ ಮಾಡಿ ಕೊಟ್ಟಳು. ಮಾರಿಗೆ ಒಂದು ಚಿಂದಿ. ಹನ್ನೆರಡು ಮಾರು, ಹನ್ನೆರಡು ಚಿಂದಿ.

ಅವಳಿಗೂ ಹುಮ್ಮಸ್ಸು ಬಂತು. ಹಗ್ಗ ಹಿಡಿದು ತೋಳು ಚಾಚಿದಳು. ಒಂದು ಚಿಂದಿ ಹಿಡಿದರೆ ಇನ್ನೊಂದು ಕೈಗೆ ಸಿಗಲಿಲ್ಲ.

“ನನ್ನ ಮಾರಿಗೆ ಗಾಲಿ ಏಳು ಕಟ್,” ಅಂಬ್ರಪ್ಪ ತಿರುಗಿಸಿ ಎಣಿಸಿದ. “ನಿಂದಕ್ಕ ಆರು.”

“ನಮ್ಮ ಮನ್ಯಾಗ ಎಲ್ಲಾರೂ ಗಿಡ್ಡ ಅದೀವ್ರಿ,” ಎಂದು ಅವಳು ನಕ್ಕಳು. “ತಮ್ಮಂದು ನಂದು ಒಂದ ಅಳತಿ. ಸಣ್ಣಾವ್ರಿದ್ದಾಗ ಅವ್ವ ಗ್ವಾಡಿಗಿ ನಿಲ್ಲಿಸಿ ನೋಡ್ತಿದ್ಲು.”

ಸಾಬಣ್ಣ ಆ ಸಂಜೆ ಅಲ್ಲಿರಲಿಲ್ಲ. ಮೀನುಗಾರರು ತಮ್ಮ ಹಗ್ಗ ತಾವೇ ಅಳೆದುಕೊಳ್ಳುತ್ತಾರೆ. ಇನ್ನೊಬ್ಬರ ಮಾರು ಅವರ ತಲೆಗೆ ಬರುವುದಿಲ್ಲ. ಮಾರು ಎಂದರೆ ತನ್ನ ಮಾರು.

ಗುಂಡು ಕ್ಯಾಂಪಿನ ಸ್ಟೋರಿನದು. ಶನಿವಾರ ಯಾರಿಗೂ ಹೇಳದೆ ತಂದಿದ್ದ. ಸೋಮವಾರ ಸಾಹೇಬರು ಸ್ಟೋರು ನೋಡಲು ಬರುವವರಿದ್ದರು. ಕಾಯಂ ಆಗುವವರ ಪಟ್ಟಿಯಲ್ಲಿ ಅಂಬ್ರಪ್ಪನ ಹೆಸರಿತ್ತು.

ಭಾನುವಾರ ಮಧ್ಯಾಹ್ನ ದೋಣಿ ಹತ್ತಿದರು. ಸಾಬಣ್ಣ ಹುಟ್ಟು ಹಾಕಿದ. ಅಂಬ್ರಪ್ಪ ಗಾಲಿಯ ಹತ್ತಿರ ಕೂತ.

“ಏನ್ ಮಾಮಾ, ಮೀನ ಹಿಡಿಯಾಕ ಹೊಂಟೀಯೋ, ಬಾವಿ ತೋಡಾಕೋ?”

ಆರನೇ ಚಿಂದಿಗೆ ಮೀನು ಕಚ್ಚಿತು. ಕ್ಲಿಪ್ಪು ಬಿಟ್ಟುಕೊಂಡದ್ದು ಮೇಲಿನವರೆಗೆ ಗೊತ್ತಾಯಿತು: ಗಾಳದ ಬಿದಿರುಕೋಲು ಒಮ್ಮೆಲೇ ನೆಟ್ಟಗಾಯಿತು, ಆಮೇಲೆ ಬಾಗಿತು. ಒಂಬತ್ತು ಕಿಲೋ ಬಾಳೆಮೀನು. ಸಾಬಣ್ಣ ಅದನ್ನು ದೋಣಿಗೆ ಎಳೆದುಹಾಕಿ, ಗಾಲಿಯನ್ನು ಒಂದು ಸಲ ನೋಡಿದ. ಅಂಬ್ರಪ್ಪ ಕಾದ. ಒಂದು ಮಾತು ಬರಬಹುದೆಂದು ಕಾದ.

“ಮೀನಿಗಿ ಕಣ್ಣು ಕಾಣವಲ್ದು, ಮುದುಕ ಆಗ್ಯಾದ,” ಎಂದ ಸಾಬಣ್ಣ. “ಇಲ್ಲಂದ್ರ ಕೊಕ್ಕರಿ ಕೈಗಿ ಸಿಗ್ತಿತ್ತೇನು?”

ಅಂಬ್ರಪ್ಪ ಇನ್ನೊಂದು ಮಾರು ಇಳಿಸಿದ. ಸ್ವಲ್ಪ ದೂರ ಹೋದ ಮೇಲೆ ದೋಣಿ ಜಗ್ಗಿ ನಿಂತಿತು. ಗುಂಡು ಸಿಕ್ಕಿಹಾಕಿಕೊಂಡಿತ್ತು. ದೋಣಿ ಹಿಂದೆ ತಂದು ಹಗ್ಗ ನೆಟ್ಟಗೆ ಮಾಡಿದರು. ಏಳನೇ ಚಿಂದಿ ನೀರಿನ ಮಟ್ಟಕ್ಕೆ ಸರಿಯಾಗಿತ್ತು.

ಸಾಬಣ್ಣ ಸುತ್ತಲಿನ ಗುಡ್ಡ ನೋಡಿ ಜಾಗ ಗುರುತು ಹಿಡಿದ. “ನಮ್ಮ ಹಳೇ ಬಾವಿ ಇದು. ಈಸು ಕಲ್ತಿದ್ದು ಇದರಾಗ. ನೀರ ಸೇದೂ ಗಡಗಡಿ ಕಲ್ಲುಗಂಬದಾಗ ಸಿಕ್ಕಿರಬೇಕು. ಹಗ್ಗ ಕೊಯ್ದು ಬಿಡು.”

“ಬ್ಯಾಡ. ಗುಂಡು ಬೇಕು. ನಾಳೆ ಸಾಹೇಬ ನೋಡ್ತಾನ.”

ಸಾಬಣ್ಣ ಅಂಗಿ ಕಳೆದ. ತಲೆಗೆ ಸುತ್ತಿದ್ದ ಚೌಕಡಿ ಟವೆಲ್ ಬಿಚ್ಚಿ ಹಲಗೆಯ ಮೇಲಿಟ್ಟ. “ನನ್ನ ದಮ್ಮು ಏಳು ಮಾರು. ಹೋಗಾಕ, ಬರಾಕ, ನಡುವ ಒಂದು ಗಳಿಗಿ ಕೆಲಸ ಮಾಡಾಕ. ಮ್ಯಾಲೊಂದು ಗೇಣು ಇದ್ರೂ ನಾ ಇಳಿಯಾಂವಲ್ಲ. ಎಷ್ಟದ ನೋಡಿ ಹೇಳು.”

ಅಂಬ್ರಪ್ಪ ಹಗ್ಗ ನೋಡಿದ. ಏಳು ಚಿಂದಿ. ನಲವತ್ತೊಂಬತ್ತು ಕಟ್. ಆರರಿಂದ ಭಾಗಿಸಿದರೆ ಸಾಬಣ್ಣನ ಎಂಟು ಮಾರು, ಮೇಲೊಂದು ಗೇಣು. ಲೆಕ್ಕ ಬರಲು ತಡವಾಗಲಿಲ್ಲ. ಹೇಳಲು ಬಾಯಿ ತೆರೆದ.

“ಏನ್ ಕೊಕ್ಕರಿ,” ಎಂದ ಸಾಬಣ್ಣ, “ಎಣಿಕೀನೂ ಮರ್ತಿ?”

ಅಂಬ್ರಪ್ಪ ಬಾಯಿ ಮುಚ್ಚಿದ. ಗುಂಡು ಬಂದರೆ ಸರಿ. ಬಾರದಿದ್ದರೆ... ಒಂದು ಸಲ, ಒಂದೇ ಒಂದು ಸಲ, ಇವನು ಬರಿಗೈಲಿ ಮೇಲೆ ಬಂದು ಏದುಸಿರು ಬಿಡುವುದನ್ನು ನೋಡಬೇಕು.

“ಏಳು,” ಎಂದ.

“ಏಳಾ! ಹಂಗಾದ್ರ ಬೀಡಿ ಹೊತ್ತಿಸಿ ಇಡು ಮಾಮಾ. ಆರೂದ್ರೊಳಗ ಬಂದು ಸೇದ್ತೀನಿ. ಗುಂಡು ಬಿಟ್ಟ ಕೂಡಲೇ ಒಂದು ಸಲ ಜಗ್ತೀನಿ.”

ಹಗ್ಗ ಹಿಡಿದು ತಲೆ ಕೆಳಗಾಗಿ ಇಳಿದ. ನೀರು ‘ಗುಳಕ್’ ಎಂದಿತು. ಅಷ್ಟೇ ಸದ್ದು.

ಅಂಬ್ರಪ್ಪ ಬೀಡಿ ಹೊತ್ತಿಸಿ ಹಲಗೆಯ ಅಂಚಿನಲ್ಲಿಟ್ಟ. ಹಗ್ಗ ನಡುಗುತ್ತಿತ್ತು. ನಡುಗುವುದು ನಿಂತಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ... ಆಮೇಲೆ ಒಂದು ಜಗ್ಗು.

ಗುಂಡು ಬಿಟ್ಟಿತ್ತು. ಅಂಬ್ರಪ್ಪನಿಗೆ ಖುಷಿಯಾಯಿತು. ಹಿಡಿಕೆ ಹಿಡಿದು ತಿರುಗಿಸಿದ. ಕಟ್, ಕಟ್, ಕಟ್, ಕಟ್, ಕಟ್, ಕಟ್. ಆ ಆರು ಹಲ್ಲು ಬಹಳ ಭಾರವಿದ್ದವು, ಎರಡೂ ಕೈ ಹಾಕಬೇಕಾಯಿತು. ಏಳನೆಯದಕ್ಕೆ ಹಗ್ಗ ಹಗುರಾಯಿತು. ಉಳಿದದ್ದು ಸಲೀಸಾಗಿ ಬಂತು.

ಗುಂಡನ್ನು ಒರೆಸಿ ಚೀಲಕ್ಕೆ ಹಾಕಿದ ಮೇಲೆ ಅವನು ನೀರು ನೋಡಿದ. ನಾಲ್ಕು ಗುಳ್ಳೆ ಬಂದವು. ಬೀಡಿ ಆರಿಹೋಗಿತ್ತು.

ಅವನು ಇನ್ನೊಂದು ಹೊತ್ತಿಸಿದ. ಅದೂ ಆರಿತು.

ಸೋಮವಾರ ಊರವರು ಮಸ್ತಾನಸಾಬನ ದೋಣಿಯಲ್ಲಿ ನಿಂತು ಹೆಣ ಹುಡುಕಲು ಪಾತಾಳಗರಡಿಯ ಕೊಕ್ಕೆ ಎಳೆಯುತ್ತಿದ್ದಾಗ, ಅಂಬ್ರಪ್ಪ ಎಂಟೂವರೆಗೆ ಕ್ಯಾಂಪಿಗೆ ಹೋಗಿ ಗುಂಡನ್ನು ಅದರ ಜಾಗದಲ್ಲಿಟ್ಟು ಬಂದ. ಹೆಣ ಮೂರನೇ ದಿನ ತಾನಾಗಿ ತೇಲಿತು. ಎರಡೂ ಅಂಗೈಯಲ್ಲಿ ಹಗ್ಗ ಉಜ್ಜಿದ ಗಾಯವಿತ್ತು. ಮಣ್ಣು ಮಾಡುವ ಮುಂಚೆ ಅಯ್ಯಮ್ಮ ತಮ್ಮನ ಚೌಕಡಿ ಟವೆಲ್ಲನ್ನು ತಾನೇ ಅವನ ತಲೆಗೆ ಸುತ್ತಿದಳು. ಬಂದವರೆಲ್ಲ ಒಂದೇ ಮಾತು ಕೇಳಿದರು. ಎಷ್ಟು ಮಾರು? ಏಳು. ಏಳಾ? ಹಾಗಾದರೆ ಹಿಡಿದಿದೆ.

ಮಣ್ಣು ಮಾಡಿದ ದಿನ ರಾತ್ರಿ ಗಾಲಿ ಮತ್ತೆ ಸದ್ದು ಮಾಡಿತು. ಅದನ್ನು ಚೀಲಸಮೇತ ಕಾಳಿನ ವಾಡೆಯ ಹಿಂದೆ ಇಟ್ಟಿದ್ದ. ಆರು ಕಟ್... ಸುಮ್ಮನೆ. ಆರು ಕಟ್... ಸುಮ್ಮನೆ. ಬೆಳಿಗ್ಗೆ ಎದ್ದವನೇ ಹಿಡಿಕೆಯನ್ನು ಕಾಲುವೆಗೆ ಎಸೆದ. ಮರುದಿನ ರಾತ್ರಿಯೂ ಆರು ಕಟ್. ಅದರ ಮರುದಿನವೂ. ಅಂಬ್ರಪ್ಪ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಅಯ್ಯಮ್ಮನಿಗೆ ಕೇಳಿಸುತ್ತಿಲ್ಲ ಎಂದುಕೊಂಡಿದ್ದ.

ಐದನೇ ರಾತ್ರಿ ಅವಳು ಕತ್ತಲಲ್ಲಿ ಎದ್ದು ಕೂತಿದ್ದಳು.

“ಆರು,” ಎಂದು ಪಿಸುಗುಟ್ಟಿದಳು. “ನಿಮ್ಮ ಮಾರಿಗಿ ಏಳಿತ್ತಲ್ರಿ... ಇದು ಆರು ಆಗಾಕತ್ತದ.”

“ಮಲಕೊ. ಇಲಿ ಇರಬೇಕು.”

ಅವಳು ಚಿಮಣಿ ಹಚ್ಚಿದಳು. ವಾಡೆಯ ಹಿಂದಿನಿಂದ ಚೀಲ ಎಳೆದಳು. ಕೈ ಹಾಕಿ ಹಗ್ಗ ಹೊರಗೆ ತೆಗೆದಳು. ಹಗ್ಗದಿಂದ ನೀರು ಸೋರುತ್ತಿತ್ತು. ನೆಲದ ಮೇಲೆ ತೊಟ್ಟಿಕ್ಕುವ ಸದ್ದು ಅಂಬ್ರಪ್ಪನಿಗೆ ಹಾಸಿಗೆಯಲ್ಲೇ ಕೇಳಿಸಿತು. ಟಪ್... ಟಪ್...

ಅವಳು ಒಂದು ಚಿಂದಿ ಹಿಡಿದು ತೋಳು ಚಾಚಿದಳು. ಇನ್ನೊಂದು ಚಿಂದಿ ಸರಿಯಾಗಿ ಬೆರಳ ತುದಿಗೆ ಬಂತು. ಅಲ್ಲಿಂದ ಮತ್ತೆ ಚಾಚಿದಳು. ಮತ್ತೆ ಸರಿಯಾಗಿ ಬಂತು. ಹಾಗೇ ಕೊನೆಯವರೆಗೆ ಹೋದಳು. ಒಂದೂ ತಪ್ಪಲಿಲ್ಲ.

“ನೀವು ಬಿಚ್ಚಿ ಕಟ್ಟಿರೇನು?”

“ಇಲ್ಲ.”

ಅವಳು ಗಾಲಿಯ ಕಡೆಯ ಎರಡು ಚಿಂದಿಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಅವು ಕೆಂಪಾಗಿರಲಿಲ್ಲ. ಹಸಿ ಮಣ್ಣು ಹತ್ತಿತ್ತು.

“ಅಂವ ಆಳ ಕೇಳಿದ್ನೇನು?”

“ಕೇಳಿದ.”

“ಏನಂದ್ರಿ?”

“ಏಳು ಅಂದೆ.”

“ಯಾರ ಮಾರು ಅಂತ ಹೇಳಿದ್ರಿ?”

ಅಂಬ್ರಪ್ಪ ಗೋಡೆ ನೋಡಿದ. ಟಪ್... ಟಪ್... ನೀರು ಇನ್ನೂ ಬೀಳುತ್ತಿತ್ತು.

“‘ನನ್ನ ಮಾರು’... ಎರಡ ಮಾತು,” ಎಂದಳು ಅವಳು. “ಹೇಳಾಕ ಎಷ್ಟೊತ್ತು ಹಿಡೀತಿತ್ತು ನಿಮಗ?”

“ಯಾರ ಮಾರು ಅಂತ ಅಂವ ಕೇಳಲಿಲ್ಲ,” ಎಂದ ಅಂಬ್ರಪ್ಪ.

ಅಯ್ಯಮ್ಮ ಹಗ್ಗವನ್ನು ಗಾಲಿಯಿಂದ ಬಿಚ್ಚಿ, ಸಿಂಬೆ ಸುತ್ತಿ ಹೆಗಲಿಗೆ ಹಾಕಿಕೊಂಡಳು. ಬೆಳಕು ಹರಿಯುವುದರೊಳಗೆ ತವರಿನ ಬಾಗಿಲಲ್ಲಿದ್ದಳು. ತಿರುಗಿ ಬರಲಿಲ್ಲ.

ಅಂಬ್ರಪ್ಪ ಆ ಜೂನ್‌ನಲ್ಲಿ ಕಾಯಂ ಆದ. ಇಪ್ಪತ್ತೆರಡು ವರ್ಷ ಕಾಲುವೆಯ ಆಳ ಓದಿ ನಿವೃತ್ತನಾದ. ಹಗ್ಗವಿಲ್ಲದ ಗಾಲಿ ಅವನ ಮನೆಯಲ್ಲೇ ಉಳಿಯಿತು. ಎರಡು ಸಲ ಗುಜರಿಯವನಿಗೆ ಕೊಟ್ಟ. ಎರಡು ಸಲವೂ ಗುಜರಿಯವನು ಮರುದಿನ ಬೆಳಿಗ್ಗೆಯೇ ತಂದು ಬಾಗಿಲಲ್ಲಿಟ್ಟು ಹೋದ. ಕರಿಮಟ್ಟಿ ಪ್ಲಾಟಿನಲ್ಲಿ ಈಗಲೂ ಯಾರಾದರೂ ಆಳ ಹೇಳಿದರೆ, ಕೇಳಿದವರು ಮೊದಲು ‘ಯಾರ ಮಾರು?’ ಎನ್ನುತ್ತಾರೆ.

ಇದು ಕಟ್ಟಿದ ಮಾತಲ್ಲ. ಹಗ್ಗ ಅಯ್ಯಮ್ಮನ ತವರುಮನೆಯ ಗೂಟಕ್ಕೆ ಇವತ್ತಿಗೂ ನೇತಾಡುತ್ತಿದೆ. ಕೇಳಿದರೆ ಇಳಿಸಿ ಕೊಡುತ್ತಾರೆ. ಟೇಪು ಹಿಡಿದು ಅಳೆದದ್ದೂ ಆಗಿದೆ. ಹಗ್ಗದ ಉದ್ದ ಎಪ್ಪತ್ತು ಅಡಿ, ಮೊದಲು ಇದ್ದಷ್ಟೇ. ಚಿಂದಿಯಿಂದ ಚಿಂದಿಗೆ ಐದು ಅಡಿ. ಕೆಂಪು ಹನ್ನೆರಡು, ಚೌಕಡಿ ಟವೆಲ್ಲಿನವು ಎರಡು. ಒಟ್ಟು ಹದಿನಾಲ್ಕು.