ಎರಡು ಜಾಯ್‌ಸ್ಟಿಕ್ಕಿನ ಪೆಟ್ಟಿಗೆ

ಕೊಯ್ಲಿನ ಕಾಲ. ಫೋನ್ ರಿಪೇರಿಗೆ ಕೊಟ್ಟು ನಾನು ಕಂಪ್ಯೂಟರ್ ಅಂಗಡಿಯ ಬೆಂಚಿನಲ್ಲಿ ಕೂತಿದ್ದೆ. ಊರೂರು ಸುತ್ತುವ ಕೊಯ್ಲು ಮಷೀನಿನ ಡ್ರೈವರ್ ತಲೆಯ ಮೇಲಿನ ಹೊಟ್ಟನ್ನೂ ಕೊಡವದೆ ಬಂದ. ಅಂಗಡಿಯಾಕೆ ಅವನಿಗಾಗಿ ಜೋಡಿಸಿದ್ದ ಹೊಸ ಕಂಪ್ಯೂಟರನ್ನು ಮುಂದಿಟ್ಟಳು: ಹಿಡಿಕೆಯಿದ್ದ ಪುಟ್ಟ ಪೆಟ್ಟಿಗೆ, ಒಳಗೆ ಗೇಮ್ ಆಡಲು ಎರಡು ಜಾಯ್‌ಸ್ಟಿಕ್.

“ನೋಡಿ ಅಣ್ಣ, ಊಟದ ಡಬ್ಬಿಗಿಂತ ಚೂರು ದೊಡ್ಡದು. ಮಷೀನು ಎಷ್ಟೇ ಕುಲುಕಲಿ, ಇದರೊಳಗೆ ಏನೂ ಅಲ್ಲಾಡಲ್ಲ. ಎಲ್ಲಿ ನಿಮ್ಮ ತಮ್ಮ? ಸ್ಕ್ರೂ ಎಣಿಸಿಕೊಂಡೇ ಒಯ್ತೀನಿ ಅಂತಿದ್ದ.”

“ಅವನು ಹೋಗ್ಬಿಟ್ಟ ಕಣಮ್ಮ. ಹದಿನೈದು ದಿನ ಆಯ್ತು. ಜ್ವರ ಅಂತ ಮಲಗಿದೋನು ಏಳಲೇ ಇಲ್ಲ.”

ಆಕೆಯ ಕೈ ಪೆಟ್ಟಿಗೆಯ ಮೇಲೇ ನಿಂತಿತು.

“ನಿನಗೆ ಕೊಟ್ಟ ಹಳೇ ಕಂಪ್ಯೂಟರಲ್ಲಿ, ಕಾರ್ ಗೇಮಲ್ಲಿ ಅವನು ಓಡಿಸಿದ ರೇಸು ಹಾಗೇ ಉಳ್ಕೊಂಡಿತ್ತಲ್ಲ? ನಾನೊಬ್ಬನೇ ಆಡಿದ್ರೂ ಅವನ ಕಾರು ಮುಂದೆ ಓಡ್ತಿತ್ತು. ಅದನ್ನ ಇದಕ್ಕೆ ಹಾಕಿದ್ದೀಯಾ?”

“ಇಲ್ಲಣ್ಣ, ಅಳಿಸ್ಬಿಟ್ಟೆ. ಅವನೇ ಫೋನ್ ಮಾಡಿ ಹೇಳಿದ್ದ.”

“ಅವನೇನಾ?”

“ಹ್ಞೂಂ. ‘ನಮ್ಮಣ್ಣ ಮೂರು ವರ್ಷದಿಂದ ಸೋತು ಸುಸ್ತಾಗಿದ್ದಾನೆ ಅಕ್ಕ, ಹೊಸದ್ರಲ್ಲಿ ಇಬ್ರೂ ಸೊನ್ನೆಯಿಂದ ಶುರು ಮಾಡ್ತೀವಿ’ ಅಂದ.”

ಡ್ರೈವರ್ ನಗಲು ಹೋದ, ಆಗಲಿಲ್ಲ.

“‘ಒಂದ್ಸಲನಾದ್ರೂ ನಿನ್ನ ಸೋಲಿಸ್ತೀನಿ ಕಣೋ’ ಅಂತ ಅವನಿಗೆ ಅಂದಿದ್ದೆ.”

“ಎರಡನೇ ಜಾಯ್‌ಸ್ಟಿಕ್ ತೆಗೆದಿಡ್ಲಾ ಅಣ್ಣ?”

“ಬೇಡ. ಅಲ್ಲೇ ಇರಲಿ.”

ಹಿಡಿಕೆಯಿದ್ದರೂ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವನು ಮೆಟ್ಟಿಲಿಳಿದ.