ಕಂದೀಲ ತೂಗಿದಾಗ ಕಂಡಾಕಿ

“ಕಂದೀಲ ಒಯ್ಯರಿ, ಬರೂದ್ರಾಗ ಕತ್ತಲಾಕ್ಕೈತಿ.” ನನ್ನ ಹೇಣ್ತಿ ಅಕ್ಕನಾಗಮ್ಮ ನನಗ ಆಡಿದ ಕಡೀ ಮಾತು ಅದು.

ಆಕೀಗೆ ಕ್ಷಯ. ಮುಂಬಯ್ಯಾಗ ತಗಿಸಿದ್ದ ಎಕ್ಸರೇ ಲಕೋಟ್ಯಾಗ ತಿಕೋಟಾದ ಡಾಕ್ಟರ ಕಡೆ ಬಂದಿತ್ತು. ಕೇಳಾಕ ಹೋಗಿದ್ನಿ. ನೋಡಿದ್ರ ಎಲ್ಲಾ ಮಸಕ ಮಸಕ. ನಡುವ ಒಂದು ತೂತು ಮಾತ್ರ ಗೀಟು ಹೊಡದಂಗ.

“ಚಿತ್ರ ಕೆಟ್ಟೈತೇನ್ರಿ?”

“ಇಲ್ಲಪಾ ಗುರಲಿಂಗಪ್ಪ. ಮ್ಯಾಲ ಎಕ್ಸರೇ ಕೊಳವಿ ಈ ಕಡೆ ಸರೀತದ, ಕೆಳಗ ಫಿಲ್ಮು ಆ ಕಡೆ. ಎಲುಬು ಗಿಲುಬು ಎಲ್ಲಾ ಅಲಗಿ ಅಳಸಿ ಹೋಗತಾವ. ನಡುವಿನ ಒಂದ ಪದರ ನಿಂತಂಗ ಮೂಡತದ. ಪುಪ್ಪುಸದಾಗ ಒಂದ ತೂತದ. ಆಪರೇಶನ್ ಮಾಡಿಸಿದ್ರ ಉಳೀತಾಳ.”

ಉಳೀತಾಳ...

ಕತ್ತಲಾಗಿತ್ತು. ಕಂದೀಲ ಹಚ್ಚಿ, ಫಿಲ್ಮು ಕಂಕಳಾಗ ಹಿಡಕೊಂಡು ಹೊಂಟ್ನಿ. ನಮ್ಮ ವಸ್ತಿ ಬಬಲೇಶ್ವರದ ಕಡೆ. ಹಾದ್ಯಾಗ ಬಾಂವಿ, ಬಾಂವಿ ಮ್ಯಾಲ ಆಲದ ಮರ. ಕಂದೀಲಿನ ಹಿಡಿಕಿ ಕಿರ್ರ್... ಕಿರ್ರ್... ಅಂತಿತ್ತು. ಕಂದೀಲ ತೂಗಿದಂಗ ಬಿಳಲು, ಬಾಂವಿ ಗ್ವಾಡಿ, ನೆರಳು ಎಲ್ಲಾ ಸರೀತಿದ್ವು.

ಒಂದು ಮಾತ್ರ ಸರೀಲಿಲ್ಲ.

ನಿಂತ್ನಿ. ಕಂದೀಲೂ ನಿಂತಿತು. ಏನೂ ಇಲ್ಲ... ಬಾಂವ್ಯಾಗ ಹನಿ ಬಿತ್ತು. ಟಪ್.

ಮತ್ತ ತೂಗಿದ್ನಿ. ಅಕ್ಕನಾಗಮ್ಮ! ಸೀರಿ ದಡಿಯ ಎಳಿ ಸೈತ ಕಾಣತಿತ್ತು.

“ಎದ್ದ ಯಾಕ ಬಂದಿ?” ಪಿಸುಗುಟ್ಟಿದ್ನಿ.

“ಏನಂದ್ರು?”

“ಒಂದ ತೂತಂತ. ಉಳೀತಿ.”

“ಒಂದನ?” ನಕ್ಕಳು. “ನಾ ಜರಡಿ ಆಗೇನಿ ಅಂತ ತಿಳಿದಿದ್ನಿ.”

ಕೈ ಸೋತು ಕಂದೀಲ ನಿಂತು ಬಿಟ್ಟಿತು... ಆಮ್ಯಾಲ ಎಷ್ಟ ತೂಗಿದ್ರೂ ಕಾಣಲಿಲ್ಲ.

ಓಡಿ ಬಂದ್ನಿ. ಅಂಗಳದ ತುಂಬ ಮಂದಿ. ಅತ್ತಿ ರುದ್ರವ್ವ ಎದಿ ಬಡಕೋತ ಅಂದ್ಳು, “ಹೊತ್ತ ಮುಳುಗೂದ್ರಾಗ ಹೋದ್ಳೋ ಯಪ್ಪಾ. ‘ಒಂದ ತೂತಂತ ಬೇ’ ಅಂದ್ಳು, ನಕ್ಕಳು, ಹೋದ್ಳು. ಏನದು?”

ಹೊತ್ತು ಮುಳುಗಿದಾಗ ಡಾಕ್ಟರು ಇನ್ನೂ ಲಕೋಟಿ ಒಡದಿರಲಿಲ್ಲ. ನಂಬದಿದ್ರ ಬಿಡ್ರಿ. ನಾ ಸುಳ್ಳ ಹೇಳಿ ಏನ ಗಳಸಲಿ?

ಮರುದಿನ ಮುಂಜಾನಿ ಆಕೀನ್ನ ಕುಣ್ಯಾಗ ಕೂಡ್ರಿಸಿದ್ವಿ. ವಿಭೂತಿ ಇಡೂ ಹೊತ್ನ್ಯಾಗ ನಾ ಇಳಿದು ಫಿಲ್ಮು ಆಕಿ ಉಡ್ಯಾಗ ಇಟ್ನಿ.

“ಇದೇನೋ?” ಅಂದ್ರು ಅಯ್ಯನೋರು.

“ಆಕಿ ಫೋಟೋ ರೀ,” ಅಂದ್ನಿ. “ಬ್ಯಾರೆ ತಗಿಸಿಲ್ಲ.”